ಕಿಡ್ನಿ ಕಸಿ ಆದವರ ಚರ್ಮ: ಹೇಗೆ ನೋಡಬೇಕು, ಏನು ಕಂಡರೆ ಏನು ಮಾಡಬೇಕು

ಮೊದಲು ಟ್ಯೂಬ್, ಆಮೇಲೆ ಡಾಕ್ಟರ್. ಕಿಡ್ನಿ ಕಸಿ ಆದವರ ಮನೆಗಳಲ್ಲಿ ಮತ್ತೆ ಮತ್ತೆ ಆಗುತ್ತಿರುವ ತಪ್ಪು ಇದೇ. ತೊಡೆಸಂದಿಯಲ್ಲಿ ನವೆ ಶುರುವಾಗುತ್ತದೆ. ಮೆಡಿಕಲ್ ಶಾಪಿನಿಂದ ಒಂದು ಕ್ರೀಮು ಬರುತ್ತದೆ. ನಾಲ್ಕು ದಿನ ಆರಾಮ ಅನಿಸುತ್ತದೆ. ಮೂರು ತಿಂಗಳಾದ ಮೇಲೆ ಸೊಂಟ, ಹೊಟ್ಟೆ, ಬೆನ್ನು ಎಲ್ಲಾ ಕಡೆ ಹರಡಿದಾಗ ಡಾಕ್ಟರ ಹತ್ತಿರ ಹೋಗುತ್ತಾರೆ. ಅಷ್ಟು ಹೊತ್ತಿಗೆ ಅದು ಮೊದಲು ಏನಾಗಿತ್ತು ಅಂತ ಗುರುತಿಸುವುದೇ ಕಷ್ಟವಾಗಿರುತ್ತದೆ.

ನನ್ನ ತಮ್ಮನಿಗೆ ಕಿಡ್ನಿ ಕಸಿ ಆಗಿ ಒಂಬತ್ತು ವರ್ಷವಾಯಿತು. ಅಡಿಕೆ ತೋಟದ ಕೆಲಸ ಅವನು ಬಿಟ್ಟಿಲ್ಲ. ಈ ವರ್ಷಗಳಲ್ಲಿ ನಾವು ಮಾಡಿದ ತಪ್ಪುಗಳು, ಅವನ್ನು ಡಾಕ್ಟರು ತಿದ್ದಿದ ರೀತಿ, ಎಲ್ಲಾ ಸೇರಿ ನಮ್ಮ ಮನೆಯಲ್ಲಿ ಒಂದು ಕ್ರಮ ರೂಢಿಯಾಗಿದೆ: ನೋಡು, ಗುರುತು ಹಾಕು, ಫೋಟೋ ತೆಗೆ, ಫೋನ್ ಮಾಡು. ಹಚ್ಚುವುದು ಇದೆಲ್ಲಾ ಆದ ಮೇಲೆ. ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ಲಿವರ್, ಹೃದಯ ಕಸಿ ಆದವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಯಾವ ಔಷಧಿ, ಎಷ್ಟು ಡೋಸು ಅನ್ನುವುದನ್ನು ಮಾತ್ರ ನಿಮ್ಮನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು.

## ಶುರು ಮಾಡುವ ಮೊದಲು ಇದೊಂದು ಗೊತ್ತಿರಲಿ

ಟ್ಯಾಕ್ರೋಲಿಮಸ್, ಮೈಕೋಫೆನೋಲೇಟ್, ಪ್ರೆಡ್ನಿಸೋಲೋನ್ ಮಾತ್ರೆಗಳ ಕೆಲಸ ಹೊಸ ಕಿಡ್ನಿಯ ಮೇಲೆ ಮೈ ದಾಳಿ ಮಾಡದ ಹಾಗೆ ತಡೆಯುವುದು. ಆದರೆ ಚರ್ಮವನ್ನು ಕಾಯುವುದೂ ಅದೇ ಕಾವಲುಪಡೆ. ಗಾಯ ಕೆಂಪಾಗುವುದು, ಊದುವುದು, ಕೀವು ತುಂಬುವುದು, ಜ್ವರ ಬರುವುದು ಇದೆಲ್ಲಾ ಹೆಚ್ಚಾಗಿ ಆ ಪಡೆ ಹೋರಾಡುತ್ತಿರುವುದರ ಗುರುತು. ಪಡೆಯನ್ನೇ ಮಾತ್ರೆ ಕೊಟ್ಟು ಮಲಗಿಸಿದ್ದೇವೆ ಅಲ್ವಾ? ಹಾಗಾಗಿ ಹೊರಗೆ ಕಾಣುವುದು ಕಮ್ಮಿ, ಒಳಗೆ ಇರುವುದು ಜಾಸ್ತಿ. "ಜ್ವರ ಇಲ್ಲ, ನೋವಿಲ್ಲ, ಅಂದಮೇಲೆ ಏನೂ ಇಲ್ಲ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕಸಿ ಆಗಿ ಎಷ್ಟು ಕಾಲವಾಯಿತು ಅನ್ನುವುದೂ ಮುಖ್ಯ. ಮೊದಲ ತಿಂಗಳು ಆಪರೇಷನ್ ಗಾಯ, ಡ್ರೈನ್ (ಒಳಗಿನ ನೀರು ಹೊರಹಾಕುವ ಕೊಳವೆ) ಹಾಕಿದ ಜಾಗ, ಸೂಜಿ ಚುಚ್ಚಿದ ಜಾಗ ನೋಡಬೇಕು. ಒಂದರಿಂದ ಆರು ತಿಂಗಳವರೆಗೆ ಮಾತ್ರೆಗಳ ಡೋಸು ಜಾಸ್ತಿ ಇರುವುದರಿಂದ, ಮೈಯೊಳಗೆ ಸುಮ್ನೆ ಮಲಗಿದ್ದ ವೈರಸ್‌ಗಳು ಏಳುತ್ತವೆ. ಆಮೇಲೆ ಹುಳುಕಡ್ಡಿ, ನರಹುಲಿಗಳ ಕಾಟ. ವರ್ಷಗಳು ಕಳೆದ ಹಾಗೆ ಚರ್ಮದ ಕ್ಯಾನ್ಸರಿನ ಅಪಾಯ ಏರುತ್ತಾ ಹೋಗುತ್ತದೆ. ನಡುವೆ ರಿಜೆಕ್ಷನ್ (ಹೊಸ ಕಿಡ್ನಿಯ ಮೇಲೆ ಮೈ ದಾಳಿ ಮಾಡುವುದು) ಆಗಿ ಜೋರು ಚಿಕಿತ್ಸೆ ಕೊಟ್ಟಿದ್ದರೆ, ಮತ್ತೆ ಮೊದಲ ಆರು ತಿಂಗಳಿನಷ್ಟೇ ಎಚ್ಚರ ಬೇಕು.

## ಹಂತ 1: ಸಾಮಾನು ಒಂದೇ ಡಬ್ಬಿಯಲ್ಲಿರಲಿ

ಒಂದು ಕೈಕನ್ನಡಿ. ಗೋಡೆಗೆ ಹಾಕಿದ ಕನ್ನಡಿ ಇದ್ದೇ ಇರುತ್ತದೆ. ಒಂದು ಟಾರ್ಚು. ಮಕ್ಕಳ ಜಾಮಿಟ್ರಿ ಬಾಕ್ಸಿನ ಚಿಕ್ಕ ಸ್ಕೇಲು. ಬಾಲ್ ಪೆನ್ನು. ಒಂದು ನೋಟ್‌ಬುಕ್. ಫೋಟೋ ತೆಗೆಯುವ ಫೋನು. ಥರ್ಮಾಮೀಟರ್. ಗಾಯ ಮುಚ್ಚಲು ಗಾಜ್ ಬಟ್ಟೆ ಮತ್ತು ಪೇಪರ್ ಟೇಪು.

ಪೇಪರ್ ಟೇಪೇ ಬೇಕು. ಪ್ರೆಡ್ನಿಸೋಲೋನ್ ಥರದ ಸ್ಟೀರಾಯ್ಡ್ ತಿಂದವರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿರುತ್ತದೆ. ಗಟ್ಟಿ ಅಂಟಿನ ಪಟ್ಟಿ ಕಿತ್ತರೆ ಅದರ ಜೊತೆ ಚರ್ಮವೇ ಕಿತ್ತು ಬರುತ್ತದೆ.

ಡಬ್ಬಿಯಲ್ಲಿ ಕ್ರೀಮು ಇಡಬೇಡಿ. ಹಳೆಯ ಟ್ಯೂಬು ಕೈಗೆ ಸಿಕ್ಕಿದರೆ ಹಚ್ಚಿಕೊಳ್ಳುವುದೇ ಮೊದಲ ಕೆಲಸವಾಗುತ್ತದೆ.

## ಹಂತ 2: ದಿನ ಗೊತ್ತುಮಾಡಿ, ಜೊತೆಗೆ ಒಬ್ಬರಿರಲಿ

ತಿಂಗಳಿಗೊಮ್ಮೆ ಸಾಕು. ಮರೆಯದ ಒಂದು ದಿನ ಇಟ್ಟುಕೊಳ್ಳಿ. ನಾವು ತಿಂಗಳ ಮೊದಲ ಭಾನುವಾರ, ಎಣ್ಣೆ ಹಚ್ಚುವುದಕ್ಕೆ ಮುಂಚೆ ನೋಡುತ್ತೇವೆ. ಎಣ್ಣೆ, ಅರಿಶಿನ, ಪೌಡರ್ ಇರುವ ಮೈಯಲ್ಲಿ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಹಬ್ಬಕ್ಕೆ ಪಾದಕ್ಕೆ ಅರಿಶಿನ, ಬೆರಳಿಗೆ ಮೆಹಂದಿ ಹಚ್ಚಿಕೊಳ್ಳುವ ಹೆಂಗಸರು ಅದಕ್ಕೆ ಮೊದಲೇ ಉಗುರು ಮತ್ತು ಪಾದ ನೋಡಿಕೊಳ್ಳಿ.

ಕಿಟಕಿಯ ಬೆಳಕು ಬೇಕು. ಟ್ಯೂಬ್‌ಲೈಟಿನಲ್ಲಿ ನಮ್ಮ ಕಂದು ಚರ್ಮದ ಮೇಲಿನ ಕೆಂಪು ಕಾಣುವುದೇ ಇಲ್ಲ. ನಮ್ಮ ಚರ್ಮದಲ್ಲಿ ಸೋಂಕು ಅಚ್ಚ ಕೆಂಪಾಗಿ ಕಾಣದೆ ನೇರಳೆಯಾಗಿಯೋ, ಸುತ್ತಲ ಚರ್ಮಕ್ಕಿಂತ ಸ್ವಲ್ಪ ಹೆಚ್ಚು ಕಪ್ಪಾಗಿಯೋ ಕಾಣಬಹುದು. ಅದಕ್ಕೇ ಕಣ್ಣಿನ ಜೊತೆ ಕೈಯನ್ನೂ ಬಳಸಿ. ಬೆರಳಿನ ಹಿಂಭಾಗದಿಂದ ಮುಟ್ಟಿ ಬಿಸಿ ಇದೆಯಾ, ಬಿಗಿ ಇದೆಯಾ ನೋಡಿ.

ಬೆನ್ನು, ತಲೆ, ಪೃಷ್ಠ ತಾನಾಗಿ ನೋಡಿಕೊಳ್ಳಲು ಆಗುವುದಿಲ್ಲ. ಗಂಡನೋ ಹೆಂಡತಿಯೋ ಅಕ್ಕನೋ ಜೊತೆಗಿರಲಿ. ಒಬ್ಬರೇ ಇರುವವರು ಫೋನನ್ನು ವಿಡಿಯೋಗೆ ಹಾಕಿ ಬೆನ್ನ ಹಿಂದೆ ನಿಧಾನವಾಗಿ ಆಡಿಸಿ, ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡಿ.

## ಹಂತ 3: ತಲೆಯಿಂದ ಪಾದದವರೆಗೆ, ಒಂದೇ ಕ್ರಮದಲ್ಲಿ

ಪ್ರತಿ ಸಲ ಒಂದೇ ಕ್ರಮದಲ್ಲಿ ನೋಡಿದರೆ ಜಾಗ ಬಿಟ್ಟುಹೋಗುವುದಿಲ್ಲ. ಅವಸರ ಬೇಡ, ಹತ್ತು ಹದಿನೈದು ನಿಮಿಷ ಬೇಕಾಗುತ್ತದೆ.

ತಲೆಯಿಂದ ಶುರುಮಾಡಿ. ಬಾಚಣಿಗೆಯಿಂದ ಬೈತಲೆ ತೆಗೆಯುತ್ತಾ ನೆತ್ತಿ ನೋಡಿ. ಕಿವಿಯ ಹಿಂದೆ, ಕಿವಿಯ ಅಂಚು, ಮೂಗಿನ ತುದಿ, ಕಣ್ಣಿನ ರೆಪ್ಪೆ, ತುಟಿ. ಕೆಳತುಟಿಯನ್ನು ಮಗುಚಿ ನೋಡಿ. ಬಾಯಿ ತೆರೆದು ಟಾರ್ಚು ಹಾಕಿ: ನಾಲಿಗೆ ಮೇಲೆ ಮೊಸರಿನಂಥ ಬಿಳಿ ಪದರ ಇದೆಯಾ, ಕೆನ್ನೆಯ ಒಳಗೆ ಹುಣ್ಣಿದೆಯಾ.

ಆಮೇಲೆ ಕುತ್ತಿಗೆ. ಕರಿಮಣಿ ಸರ, ಜನಿವಾರ ಪಕ್ಕಕ್ಕೆ ಸರಿಸಿ ಅದರ ಕೆಳಗಿನ ಚರ್ಮ ನೋಡಿ. ಕಂಕುಳು, ಎದೆ, ಸ್ತನದ ಕೆಳಗಿನ ಮಡಿಕೆ, ಹೊಕ್ಕಳು. ಹೊಟ್ಟೆಯ ಕೆಳಭಾಗದ ಕಸಿ ಗಾಯದ ಗೆರೆಯ ಮೇಲೆ ಉದ್ದಕ್ಕೂ ಬೆರಳಾಡಿಸಿ. ಎಲ್ಲಿಯಾದರೂ ಗಂಟು, ಒಸರುವ ತೂತು ಇದೆಯಾ? ಡಯಾಲಿಸಿಸ್ ಕಾಲದ ಫಿಸ್ಟುಲಾ (ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿದ ಜಾಗ) ಕೈಯಲ್ಲಿ ಇದ್ದರೆ ಅದರ ಮೇಲಿನ ಚರ್ಮ ತೆಳುವಾಗಿ ಹೊಳೆಯುತ್ತಿದೆಯಾ, ಹಕ್ಕಳೆ ಕಟ್ಟಿದೆಯಾ ನೋಡಿ. ಅಲ್ಲಿ ಹಕ್ಕಳೆ ಕಂಡರೆ ಕೀಳಲೇಬೇಡಿ, ರಕ್ತ ನಿಲ್ಲುವುದಿಲ್ಲ. ಅದೇ ದಿನ ತೋರಿಸಿ.

ಉಡಿದಾರದ ಜಾಗ ಬಹಳ ಜನ ಬಿಟ್ಟುಬಿಡುತ್ತಾರೆ. ಬೆವರು ಹೀರಿ ಹಸಿಯಾದ ದಾರದ ಕೆಳಗೆ ಸೊಂಟದ ಸುತ್ತಲೂ ಫಂಗಸ್ ಕೂರುತ್ತದೆ. ತಮ್ಮನಿಗೆ ಎರಡು ಸಲ ವಾಸಿಯಾಗಿ ಮತ್ತೆ ಬಂತು. ಮೂರನೇ ಸಲ ಚರ್ಮದ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಉಡಿದಾರ ಬದಲಾಯಿಸಿದ್ರಾ?" ಅಂತ. ಹಳೇ ದಾರ ತೆಗೆದು, ವಾಸಿಯಾಗುವವರೆಗೆ ಕಟ್ಟದೇ ಇದ್ದ ಮೇಲೆ ಅದು ಮತ್ತೆ ಬರಲಿಲ್ಲ.

ತೊಡೆಸಂದು, ಜನನಾಂಗ, ಗುದದ ಸುತ್ತ. ಇಲ್ಲಿ ನಾಚಿಕೆ ಅಡ್ಡ ಬರುತ್ತದೆ, ಗೊತ್ತು. ಆದರೆ ನಮ್ಮಂಥ ಕಂದು ಮೈಬಣ್ಣದವರಲ್ಲಿ ಬಿಸಿಲು ತಾಗದ ಇಂಥ ಜಾಗಗಳಲ್ಲೂ ಚರ್ಮದ ಕ್ಯಾನ್ಸರ್ ಬರುತ್ತದೆ. ಅನೇಕ ಸಲ ಅದು ಶುರುವಾಗುವುದು ಮಾಮೂಲಿ ನರಹುಲಿಯ ರೂಪದಲ್ಲಿ. ಕೈಕನ್ನಡಿ ಇರುವುದೇ ಇದಕ್ಕೆ.

ಕೊನೆಗೆ ಕಾಲು. ಕಾಲುಂಗುರ ತೆಗೆದು ಬೆರಳ ಸಂದಿ, ಉಗುರು, ಉಗುರಿನ ಅಂಚು, ಹಿಮ್ಮಡಿಯ ಬಿರುಕು, ಅಂಗಾಲು. ಕಸಿಯ ಜೊತೆ ಸಕ್ಕರೆ ಕಾಯಿಲೆಯೂ ಇದ್ದರೆ ಕಾಲನ್ನು ತಿಂಗಳಿಗೊಮ್ಮೆ ನೋಡಿದರೆ ಸಾಲದು, ದಿನಾ ರಾತ್ರಿ ನೋಡಿ.

## ಹಂತ 4: ಕಂಡದ್ದನ್ನು ಬರೆದಿಡಿ

ಹೊಸದೇನಾದರೂ ಕಂಡರೆ ಮೊದಲು ಫೋಟೋ. ಪಕ್ಕದಲ್ಲಿ ಸ್ಕೇಲು ಇಟ್ಟು ಹತ್ತಿರದಿಂದ ಒಂದು, ಮೈಯ ಯಾವ ಭಾಗ ಅಂತ ತಿಳಿಯುವಷ್ಟು ದೂರದಿಂದ ಇನ್ನೊಂದು. ಫ್ಲ್ಯಾಶ್ ಹಾಕಬೇಡಿ, ಬಣ್ಣ ಬೆಳ್ಳಗಾಗುತ್ತದೆ. ನೋಟ್‌ಬುಕ್ಕಿನಲ್ಲಿ ತಾರೀಕು, ಜಾಗ, ಗಾತ್ರ ಬರೆಯಿರಿ. ನವೆಯಾ, ನೋವಾ, ಉರಿಯಾ, ಏನೂ ಇಲ್ಲವಾ ಅನ್ನುವುದನ್ನೂ ಬರೆಯಿರಿ. ಮುಳ್ಳು ಚುಚ್ಚಿತ್ತಾ, ಬೆಕ್ಕು ಪರಚಿತ್ತಾ, ಹೊಸ ಮಾತ್ರೆ ಶುರುವಾಗಿತ್ತಾ, ಅದೂ ಇರಲಿ.

ಕೆಂಪಾಗಿ ಊದಿರುವ ಜಾಗವಾದರೆ ಅದರ ಅಂಚಿಗೆ ಬಾಲ್ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಒಮ್ಮೆ ತಮ್ಮನ ಮೊಣಕಾಲ ಕೆಳಗೆ ರಾತ್ರಿ ಒಂಬತ್ತಕ್ಕೆ ಹೀಗೆ ಗೆರೆ ಹಾಕಿ ಮಲಗಿದೆವು. ಬೆಳಿಗ್ಗೆ ಆರಕ್ಕೆ ನೋಡಿದರೆ ಕೆಂಪು ಗೆರೆ ದಾಟಿ ಎರಡು ಬೆರಳು ಮೇಲೆ ಹೋಗಿತ್ತು. ನೋವು ಸ್ವಲ್ಪವೇ ಇತ್ತು, ಜ್ವರ ಇರಲಿಲ್ಲ. ಆ ಗೆರೆ ಇಲ್ಲದಿದ್ದರೆ "ನಿನ್ನೆ ಹಾಗೇ ಇತ್ತು" ಅಂದುಕೊಂಡು ಇನ್ನೊಂದು ದಿನ ಕಾಯುತ್ತಿದ್ದೆವು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ನೋಡಿದ್ದೂ ಆ ಗೆರೆಯನ್ನೇ. ಈಗ ನಾವು ರಾತ್ರಿಯಲ್ಲಿ ಅಂಥದ್ದು ಕಂಡರೆ ಬೆಳಿಗ್ಗೆವರೆಗೂ ಕಾಯುವುದಿಲ್ಲ. ಗೆರೆ ಹಾಕಿ ಆಗಲೇ ಫೋನ್ ಮಾಡುತ್ತೇವೆ.

## ಹಂತ 5: ಏನನ್ನೂ ಹಚ್ಚಬೇಡಿ, ಏನನ್ನೂ ನುಂಗಬೇಡಿ

ಜನ ಸೋಲುವುದು ಈ ಹಂತದಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೂರು ಔಷಧಿ ಬೆರೆಸಿದ ಕ್ರೀಮು. ನವೆ ಅಂದ ತಕ್ಷಣ ಅಂಗಡಿಯಲ್ಲಿ ಕೊಡುವ ಅನೇಕ ಟ್ಯೂಬುಗಳಲ್ಲಿ ಫಂಗಸ್ ಔಷಧಿ, ಬ್ಯಾಕ್ಟೀರಿಯಾ ಔಷಧಿ, ಜೊತೆಗೆ ಜೋರಾದ ಸ್ಟೀರಾಯ್ಡ್ ಇರುತ್ತದೆ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಅದು ನವೆಯನ್ನು ಕೂಡಲೇ ನಿಲ್ಲಿಸುತ್ತದೆ, ಕೆಂಪನ್ನು ಅಳಿಸುತ್ತದೆ. ಅಡಿಯಲ್ಲಿ ಫಂಗಸ್ ಮಾತ್ರ ಆರಾಮಾಗಿ ಬೆಳೆಯುತ್ತದೆ. ಹುಳುಕಡ್ಡಿಯ ದುಂಡನೆ ಅಂಚೂ ಅಳಿಸಿಹೋಗಿ, ಚರ್ಮದ ಡಾಕ್ಟರಿಗೂ ಮೊದಲ ನೋಟಕ್ಕೆ ಗೊತ್ತಾಗದ ಹಾಗೆ ಆಗುತ್ತದೆ. ನಮ್ಮ ದೇಶದಲ್ಲಿ ಔಷಧಿಗೆ ಬಗ್ಗದ ಹುಳುಕಡ್ಡಿ ಇಷ್ಟು ಹರಡಲು ಈ ಟ್ಯೂಬುಗಳೂ ಒಂದು ಕಾರಣ. ಕಸಿ ಆದವರಿಗೆ ಒಳಗಿನಿಂದ ಈಗಾಗಲೇ ಸ್ಟೀರಾಯ್ಡ್ ಇದೆ, ಹೊರಗಿನಿಂದಲೂ ಬೇಡ.

ಫಂಗಸ್ ಮಾತ್ರೆ. ಇದು ಇನ್ನೂ ದೊಡ್ಡ ಅಪಾಯ. ಫ್ಲುಕೋನಜೋಲ್, ಇಟ್ರಾಕೋನಜೋಲ್, ವೋರಿಕೋನಜೋಲ್ ನುಂಗಿದರೆ ಟ್ಯಾಕ್ರೋಲಿಮಸ್ಸನ್ನು ಲಿವರ್ ಕರಗಿಸುವುದು ನಿಧಾನವಾಗುತ್ತದೆ. ನೀವು ತಿನ್ನುತ್ತಿರುವ ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಕೈ ನಡುಗುತ್ತದೆ, ತಲೆ ನೋಯುತ್ತದೆ, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ರಕ್ತದಲ್ಲಿ ತೋರಿಸುವ ಕ್ರಿಯಾಟಿನಿನ್ ಏರುತ್ತದೆ. ಚರ್ಮದ ನವೆಗೆ ತಿಂದ ಮಾತ್ರೆಯಿಂದ ಕಿಡ್ನಿಗೇ ಪೆಟ್ಟು. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಆ್ಯಂಟಿಬಯೋಟಿಕ್‌ಗಳೂ ಹೀಗೇ ಮಾಡುತ್ತವೆ. ರಿಫಾಂಪಿಸಿನ್ ಇದಕ್ಕೆ ಉಲ್ಟಾ: ಪ್ರಮಾಣ ಇಳಿಸಿ ರಿಜೆಕ್ಷನ್‌ಗೆ ದಾರಿ ಮಾಡುತ್ತದೆ. ಈ ಔಷಧಿಗಳನ್ನು ಕೊಡಲೇಬಾರದು ಅಂತಲ್ಲ. ಕೊಡುವಾಗ ಕಸಿ ಡಾಕ್ಟರಿಗೆ ಗೊತ್ತಿರಬೇಕು, ಡೋಸು ಹೊಂದಿಸಬೇಕು, ರಕ್ತ ನೋಡುತ್ತಿರಬೇಕು. (ಇದೇ ಕಾರಣಕ್ಕೆ ಚಕ್ಕೋತ ಹಣ್ಣೂ ಬೇಡ. ದೇವನಹಳ್ಳಿ ಕಡೆಯಿಂದ ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೆ ಮನೆಯ ಉಳಿದವರು ತಿನ್ನಲಿ.)

ನೋವಿನ ಮಾತ್ರೆ. ಕುರು ನೋಯುತ್ತದೆ ಅಂತ ಡೈಕ್ಲೋಫೆನಾಕ್, ಐಬುಪ್ರೋಫೆನ್ ಬೇಡ. ಎರಡೂ ಕಿಡ್ನಿಗೆ ಕೆಟ್ಟವು.

ಮನೆಮದ್ದು. ಹಿಮ್ಮಡಿ ಬಿರುಕಿಗೆ ಗೇರೆಣ್ಣೆ, ನರಹುಲಿಗೆ ಸುಣ್ಣ, ಮುಳ್ಳು ಹೊರಬರಲಿ ಅಂತ ಎಕ್ಕದ ಹಾಲು. ಇವೆಲ್ಲ ಚರ್ಮವನ್ನು ಸುಡುತ್ತವೆ. ಬೇರೆಯವರಲ್ಲಿ ಆ ಸುಟ್ಟ ಗಾಯ ವಾರದಲ್ಲಿ ಮಾಯುತ್ತದೆ. ಕಸಿ ಆದವರಲ್ಲಿ ಅದೇ ಸೋಂಕಿಗೆ ಹೊಸ ಬಾಗಿಲಾಗುತ್ತದೆ. ಕುರುವನ್ನು ಹಿಂಡುವುದು, ಸೂಜಿ ಕಾಯಿಸಿ ಚುಚ್ಚುವುದು ಕೂಡ ಬೇಡ.

ಶಕ್ತಿ ಹೆಚ್ಚಿಸುವ ಕಷಾಯ. ಚರ್ಮದ ಸೋಂಕು ಪದೇ ಪದೇ ಬಂದಾಗ "ಇಮ್ಯುನಿಟಿ ಕಮ್ಮಿಯಾಗಿದೆ, ಅಮೃತಬಳ್ಳಿ ಕುಡಿಯಲಿ" ಅಂತ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಇಮ್ಯುನಿಟಿ ಕಮ್ಮಿ ಮಾಡಿರುವುದು ಬೇಕಂತಲೇ. ಅದನ್ನು ಕೆರಳಿಸಿದರೆ ಅದು ಮೊದಲು ಹೋಗುವುದು ಕಿಡ್ನಿಯ ಮೇಲೆ.

ಇದರ ಇನ್ನೊಂದು ತುದಿಯ ತಪ್ಪೂ ಇದೆ. ಸೋಂಕು ಬಂತು ಅಂತ ಹೆದರಿ ಟ್ಯಾಕ್ರೋಲಿಮಸ್ಸನ್ನೋ ಮೈಕೋಫೆನೋಲೇಟನ್ನೋ ತಾವೇ ನಿಲ್ಲಿಸುವುದು. ಒಂದು ಹೊತ್ತಿನ ಮಾತ್ರೆಯನ್ನೂ ಸ್ವಂತ ತೀರ್ಮಾನದಲ್ಲಿ ಬಿಡಬೇಡಿ.

ಹಾಗಾದರೆ ಫೋನ್ ಮಾಡಿ ಉತ್ತರ ಬರುವ ತನಕ ಏನು ಮಾಡಬಹುದು? ಮಾಮೂಲಿ ಸೋಪು, ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಒತ್ತಿ ಒರೆಸಿ, ಉಜ್ಜಬೇಡಿ. ಒಸರುತ್ತಿದ್ದರೆ ಗಾಜ್ ಮುಚ್ಚಿ. ಕೈ ಅಥವಾ ಕಾಲು ಊದಿದ್ದರೆ ದಿಂಬಿನ ಮೇಲೆ ಎತ್ತಿ ಇಡಿ. ಅಷ್ಟೇ.

## ಹಂತ 6: ಯಾವುದು ಯಾವುದಿರಬಹುದು ಅಂತ ತಿಳಿದಿರಿ

ಇದು ನೀವೇ ರೋಗ ಕಂಡುಹಿಡಿಯಲು ಅಲ್ಲ. ಫೋನಿನಲ್ಲಿ ಸರಿಯಾಗಿ ಹೇಳಲು, ಎಷ್ಟು ಅವಸರ ಅಂತ ತಿಳಿಯಲು.

ಸರ್ಪಸುತ್ತು. ಮೊದಲು ಎರಡು ಮೂರು ದಿನ ಮೈಯ ಒಂದೇ ಕಡೆ ಉರಿ, ಸೂಜಿ ಚುಚ್ಚಿದ ಹಾಗೆ ನೋವು. ಆಗ ಚರ್ಮದ ಮೇಲೆ ಏನೂ ಇರುವುದಿಲ್ಲ. ಆಮೇಲೆ ಅದೇ ಜಾಗದಲ್ಲಿ ನೀರು ತುಂಬಿದ ಗುಳ್ಳೆಗಳ ಪಟ್ಟಿ. ಚಿಕ್ಕಂದಿನಲ್ಲಿ ಬಂದುಹೋದ ಚಿಕನ್‌ಪಾಕ್ಸ್‌ನ, ಅಂದರೆ ನಾವು "ಅಮ್ಮ" ಅನ್ನುವುದರ ವೈರಸ್ಸೇ ನರದ ಬುಡದಲ್ಲಿ ಉಳಿದು ಈಗ ಎದ್ದಿರುತ್ತದೆ. ಇದಕ್ಕೆ ಏಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಔಷಧಿಗಳಿವೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತವೆ. ತಡವಾಗಿದ್ದರೂ ಕಸಿ ಆದವರು ಹೋಗಲೇಬೇಕು. ಡೋಸನ್ನು ಕಿಡ್ನಿಯ ಕೆಲಸ ನೋಡಿ ಹೊಂದಿಸಬೇಕಾದ್ದರಿಂದ ಪಕ್ಕದ ಮನೆಯವರ ಚೀಟಿ ನೋಡಿ ತರಿಸಬೇಡಿ.

ನಮ್ಮ ಕಡೆ ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಯುತ್ತಾರೆ. ಬಳಿದ ಮೇಲೆ ಗುಳ್ಳೆ ಹೊಸದಾಗಿ ಎದ್ದಿತಾ, ಕೀವಾಯಿತಾ ಏನೂ ಕಾಣುವುದಿಲ್ಲ. ಒಡೆದ ಗುಳ್ಳೆಗೆ ಮಣ್ಣು ಸೇರುತ್ತದೆ. "ತಲೆ ಬಾಲ ಸೇರಿದರೆ ಜೀವಕ್ಕೆ ಅಪಾಯ" ಅನ್ನುವ ಮಾತೂ ಇದೆ. ಅದು ಒಂದು ನರದ ದಾರಿ ಹಿಡಿದು ಹೋಗುವುದರಿಂದ ಸಾಮಾನ್ಯವಾಗಿ ಮೈಯ ನಡುಗೆರೆ ದಾಟುವುದಿಲ್ಲ. ಆದರೆ ಕಸಿ ಆದವರಲ್ಲಿ ದಾಟಬಹುದು, ಬೇರೆ ಬೇರೆ ಜಾಗದಲ್ಲಿ ಗುಳ್ಳೆ ಏಳಬಹುದು. ಹಾಗಾದರೆ ವೈರಸ್ ರಕ್ತದಲ್ಲಿ ಹರಡಿದೆ ಅಂತ ಅರ್ಥ, ಆಸ್ಪತ್ರೆಗೆ ಸೇರಿಸಬೇಕು. ಹಣೆ, ಕಣ್ಣು, ಮೂಗಿನ ತುದಿಯಲ್ಲಿ ಗುಳ್ಳೆ ಬಂದರೂ ಅಷ್ಟೇ ಅವಸರ. ದೃಷ್ಟಿ ಹೋಗುವ ಸಂಭವ ಇದೆ.

ಹುಳುಕಡ್ಡಿ ಮತ್ತು ಚಿಬ್ಬು. ಹುಳುಕಡ್ಡಿ ದುಂಡಗೆ, ಅಂಚು ಉಬ್ಬಿ, ನಡುವೆ ತಿಳಿಯಾಗಿ, ನವೆ ಜಾಸ್ತಿ. ಚಿಬ್ಬು ಎದೆ, ಬೆನ್ನು, ಭುಜದ ಮೇಲೆ ಮಾಸಿದ ಬಿಳಿ ಅಥವಾ ಕಂದು ಮಚ್ಚೆ, ನವೆ ಅಷ್ಟಿಲ್ಲ. ಎರಡೂ ಫಂಗಸ್ಸೇ. ಎರಡೂ ಅವಸರದವಲ್ಲ, ಆದರೆ ಎರಡಕ್ಕೂ ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ಹಚ್ಚಬೇಕು. ನವೆ ನಿಂತ ದಿನ ನಿಲ್ಲಿಸುವುದರಿಂದಲೇ ಹುಳುಕಡ್ಡಿ ಮತ್ತೆ ಬರುತ್ತದೆ.

ಕಜ್ಜಿ. ಮಾಮೂಲಿ ಕಜ್ಜಿಯಲ್ಲಿ ರಾತ್ರಿ ವಿಪರೀತ ನವೆ. ಕಸಿ ಆದವರಲ್ಲಿ ನವೆ ಕಮ್ಮಿ ಇದ್ದು, ಬೆರಳ ಸಂದಿ, ಮೊಣಕೈ, ನೆತ್ತಿಯಲ್ಲಿ ಒಣ ಹಿಟ್ಟು ಮೆತ್ತಿದ ಹಾಗೆ ದಪ್ಪ ಹೊಪ್ಪಳೆ ಏಳಬಹುದು. ಆ ಹೊಪ್ಪಳೆಯಲ್ಲಿ ಹುಳುಗಳು ಲೆಕ್ಕವಿಲ್ಲದಷ್ಟು. ಮನೆಯ ಉಳಿದವರಿಗೆಲ್ಲ ನವೆ ಶುರುವಾಗಿ, ಕಸಿ ಆದವರಿಗೆ ಮಾತ್ರ ಸುಮ್ನೆ ಚರ್ಮ ಒಣಗಿದೆ ಅನಿಸುತ್ತಿದ್ದರೆ ಇದನ್ನು ನೆನಪಿಸಿಕೊಳ್ಳಿ. ಔಷಧಿ ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು.

ನೋವಿಲ್ಲದ ಗಂಟು. ಇದನ್ನು ನಾನು ಮರೆಯಲಾರೆ. ತಮ್ಮನ ಹಿಮ್ಮಡಿಯ ಪಕ್ಕದಲ್ಲಿ ಗೋಲಿಯಷ್ಟು ಒಂದು ಗಂಟು ಇತ್ತು. ಒತ್ತಿದರೆ ಮೆತ್ತಗೆ, ನೋವಿಲ್ಲ, ಮೇಲಿನ ಚರ್ಮ ಸರಿಯಾಗಿಯೇ ಇತ್ತು. ಕೊಬ್ಬಿನ ಗಂಟು ಅಂದುಕೊಂಡು ಏಳು ತಿಂಗಳು ಬಿಟ್ಟೆವು. ಕೊನೆಗೆ ತೆಗೆದು ಪರೀಕ್ಷೆಗೆ ಕಳಿಸಿದಾಗ ಬಂದ ಉತ್ತರ: ಮಣ್ಣಿನಲ್ಲಿ, ಕೊಳೆತ ಕಟ್ಟಿಗೆಯಲ್ಲಿ ಇರುವ ಒಂದು ಕಪ್ಪು ಬಣ್ಣದ ಫಂಗಸ್. ಗಂಟಿನ ನಡುವೆ ಭತ್ತದ ಹೊಟ್ಟಿನಷ್ಟು ಚಿಕ್ಕ ಕಟ್ಟಿಗೆ ಚೂರು ಸಿಕ್ಕಿತು. ಯಾವತ್ತೋ ತೋಟದಲ್ಲಿ ಚುಚ್ಚಿದ್ದು. ಚುಚ್ಚಿದ್ದು ಅವನಿಗೆ ನೆನಪೇ ಇರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಮಾತ್ರೆ, ಅದಕ್ಕಾಗಿ ಟ್ಯಾಕ್ರೋಲಿಮಸ್ ಇಳಿಸಿದ್ದು, ಮತ್ತೆ ಮತ್ತೆ ರಕ್ತ ಪರೀಕ್ಷೆ. ತೋಟ, ಗದ್ದೆ, ಕೊಟ್ಟಿಗೆಯಲ್ಲಿ ಕೆಲಸ ಮಾಡುವವರ ಕೈಕಾಲಿನಲ್ಲಿ ಗಂಟು ಎದ್ದು ಎರಡು ವಾರವಾದರೂ ಇಳಿಯದಿದ್ದರೆ ತೋರಿಸಿ. ಕ್ಷಯ ಜಾತಿಯ ಬ್ಯಾಕ್ಟೀರಿಯಾ, ಮಣ್ಣಿನಲ್ಲಿರುವ ನೋಕಾರ್ಡಿಯಾ ಅನ್ನುವ ಬ್ಯಾಕ್ಟೀರಿಯಾ ಕೂಡ ಹೀಗೆ ಸದ್ದಿಲ್ಲದ ಗಂಟಾಗಿಯೇ ಬರುತ್ತವೆ.

ನರಹುಲಿ. ಬಹಳ ಜನರಿಗೆ ಬರುತ್ತದೆ, ಒಂದೆರಡರಿಂದ ಹತ್ತಿಪ್ಪತ್ತಾಗುತ್ತದೆ. ಕತ್ತರಿಸಬೇಡಿ, ಕೂದಲು ಕಟ್ಟಬೇಡಿ. ಇದ್ದಕ್ಕಿದ್ದಂತೆ ದೊಡ್ಡದಾದ, ಬುಡ ಗಟ್ಟಿಯಾದ, ರಕ್ತ ಬರುವ ನರಹುಲಿಯನ್ನು ನರಹುಲಿ ಅಂತ ಎಣಿಸಬೇಡಿ. ಅದನ್ನು ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಬೇಕು.

ಕ್ಯಾನ್ಸರಿನ ಸುಳಿವು. ನಾಲ್ಕು ವಾರಕ್ಕೂ ಮಾಯದ ಹುಣ್ಣು. ಒರಟಾಗಿ ಹೊಪ್ಪಳೆ ಏಳುತ್ತಲೇ ಇರುವ ಗಟ್ಟಿ ಜಾಗ. ಮುಟ್ಟಿದರೆ ರಕ್ತ ಬರುವ ಗಂಟು. ಆಕಾರ, ಬಣ್ಣ ಬದಲಾದ ಮಚ್ಚೆ. ಹಳೆಯ ಸುಟ್ಟ ಕಲೆಯ ಮೇಲೆ ಹೊಸ ಹುಣ್ಣು. ಕಾಲಿನ ಮೇಲೆ, ಬಾಯಿಯ ಅಂಗುಳದಲ್ಲಿ ನೇರಳೆ ಬಣ್ಣದ ಪಟ್ಟೆಗಳು. ಬಿಳಿ ಚರ್ಮದವರಿಗಿಂತ ನಮಗೆ ಈ ಅಪಾಯ ಕಮ್ಮಿ, ನಿಜ. ಹಾಗಂತ ಇಲ್ಲವೇ ಇಲ್ಲ ಅಂತಲ್ಲ. "ನಮ್ಮವರಿಗೆ ಬರಲ್ಲ" ಅನ್ನುವ ನಂಬಿಕೆಯಿಂದಲೇ ತಡವಾಗುತ್ತದೆ.

ಸೋಂಕಲ್ಲದ್ದು. ಎದೆ, ಬೆನ್ನಿನ ಮೇಲೆ ಒಂದೇ ಥರದ ಮೊಡವೆ, ಸ್ವಲ್ಪ ತಾಗಿದರೂ ಚರ್ಮ ಕಂದಿ ನೀಲಿಗಟ್ಟುವುದು, ಹೊಟ್ಟೆ ಮೇಲೆ ಗೆರೆ ಇವು ಸ್ಟೀರಾಯ್ಡಿನಿಂದ. ಟ್ಯಾಕ್ರೋಲಿಮಸ್ಸಿನಿಂದ ಕೂದಲು ಉದುರಬಹುದು. ಇನ್ನೊಂದು ಕಸಿ ಮಾತ್ರೆಯಾದ ಸೈಕ್ಲೋಸ್ಪೋರಿನ್‌ನಿಂದ ಮೈಕೂದಲು ಹೆಚ್ಚಿ ವಸಡು ದಪ್ಪವಾಗಬಹುದು. ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು.

## ಹಂತ 7: ಎಷ್ಟು ಬೇಗ ಹೋಗಬೇಕು

ಈಗಲೇ, ರಾತ್ರಿಯಾದರೂ: ಜ್ವರ ಅಥವಾ ಚಳಿ ನಡುಕದ ಜೊತೆ ಚರ್ಮದಲ್ಲಿ ಏನೇ ಇದ್ದರೂ. ಪೆನ್ನಿನ ಗೆರೆ ದಾಟುತ್ತಿರುವ ಕೆಂಪು. ಕಾಣುವುದಕ್ಕಿಂತ ಬಹಳ ಜಾಸ್ತಿ ನೋಯುವ ಜಾಗ. ಕಪ್ಪಾಗುತ್ತಿರುವ ಚರ್ಮ, ಅದರಲ್ಲೂ ಮೂಗು, ಕಣ್ಣಿನ ಸುತ್ತ. ಮುಖದ ಸರ್ಪಸುತ್ತು. ಮೈಯೆಲ್ಲಾ ಹರಡಿದ ಗುಳ್ಳೆ. ಹೊಸ ಮಾತ್ರೆ ಶುರುವಾದ ಮೇಲೆ ಚರ್ಮ ಸುಲಿಯುವುದು, ಬಾಯಿ ಕಣ್ಣು ಹುಣ್ಣಾಗುವುದು. ಕಸಿ ಗಾಯದಿಂದ ಕೀವು.

ಅದೇ ದಿನ ಫೋನ್: ಮೈಯ ಮೇಲಿನ ಸರ್ಪಸುತ್ತು, ದೊಡ್ಡ ಕುರು, ಪ್ರಾಣಿ ಕಚ್ಚಿದ್ದು ಪರಚಿದ್ದು. ಮನೆಯ ಮಗುವಿಗೆ ಅಮ್ಮ ಬಂದಿದ್ದು, ಕಸಿ ಆದವರಿಗೆ ಯಾವತ್ತೂ ಬಂದಿಲ್ಲದಿದ್ದರೆ, ಅವರಿಗೆ ಗುಳ್ಳೆ ಏಳುವವರೆಗೆ ಕಾಯಬೇಡಿ. ತಡೆಯುವ ಔಷಧಿ ಕೊಡುವುದಿದ್ದರೆ ಈ ದಿನಗಳಲ್ಲೇ ಕೊಡಬೇಕು.

ಒಂದೆರಡು ವಾರದೊಳಗೆ: ಗಂಟು, ಮಾಯದ ಹುಣ್ಣು, ಬದಲಾದ ನರಹುಲಿ ಮಚ್ಚೆ, ಹರಡುತ್ತಿರುವ ಹುಳುಕಡ್ಡಿ.

## ಹಂತ 8: ಡಾಕ್ಟರ ಮುಂದೆ

ಚೀಟಿ, ಈಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಕೊನೆಯ ಕ್ರಿಯಾಟಿನಿನ್ ಮತ್ತು ಟ್ಯಾಕ್ರೋಲಿಮಸ್ ರಿಪೋರ್ಟು, ಫೋಟೋ, ನೋಟ್‌ಬುಕ್ ತೆಗೆದುಕೊಂಡು ಹೋಗಿ. ಈಗಾಗಲೇ ಏನಾದರೂ ಹಚ್ಚಿದ್ದರೆ ಮುಚ್ಚಿಡದೆ ಆ ಟ್ಯೂಬನ್ನೇ ತೋರಿಸಿ.

ಚರ್ಮದ ಡಾಕ್ಟರ ಹತ್ತಿರ ಬಾಯಿ ತೆರೆಯುತ್ತಲೇ ಹೇಳಬೇಕಾದ ಮೊದಲ ಮಾತು: "ನನಗೆ ಕಿಡ್ನಿ ಕಸಿ ಆಗಿದೆ, ಟ್ಯಾಕ್ರೋಲಿಮಸ್ ತಗೋತಿದ್ದೀನಿ." ನವೆ, ನೋವು ಎಲ್ಲಾ ಆಮೇಲೆ. ಒಮ್ಮೆ ಒಂದು ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು. ನಾವು ಹುಳುಕಡ್ಡಿ ಅಂತಷ್ಟೇ ಹೇಳಿದೆವು, ಇಟ್ರಾಕೋನಜೋಲ್ ಬರೆದುಕೊಟ್ಟರು. ಹೊರಗೆ ಬಂದು ಕಸಿ ವಿಭಾಗಕ್ಕೆ ಫೋನ್ ಮಾಡಿದ್ದರಿಂದ ಉಳಿದೆವು.

ಮೂರು ಪ್ರಶ್ನೆ ಕೇಳಿ. ಕೆರೆದು ಅಥವಾ ಚೂರು ತೆಗೆದು ಪರೀಕ್ಷೆ ಮಾಡಬೇಕಾ? ಈ ಔಷಧಿ ನನ್ನ ಕಸಿ ಮಾತ್ರೆ ಜೊತೆ ಹೊಂದುತ್ತದಾ? ಟ್ಯಾಕ್ರೋಲಿಮಸ್ ಪ್ರಮಾಣ ಮತ್ತೆ ಯಾವಾಗ ನೋಡಬೇಕು? ಗಂಟು ತೆಗೆದರೆ ಅದನ್ನು ಬಯಾಪ್ಸಿಗೂ, ಫಂಗಸ್ ಮತ್ತು ಬ್ಯಾಕ್ಟೀರಿಯಾ ಕಲ್ಚರಿಗೂ (ಅವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಕಳಿಸುತ್ತೀರಾ ಅಂತ ಕೇಳಿ. ಎಲ್ಲವನ್ನೂ ಫಾರ್ಮಾಲಿನ್‌ಗೆ (ಚೂರು ಕೆಡದ ಹಾಗೆ ಇಡುವ ದ್ರವ) ಹಾಕಿಬಿಟ್ಟರೆ ಆಮೇಲೆ ಕಲ್ಚರ್ ಮಾಡಲು ಆಗುವುದಿಲ್ಲ.

ಟ್ಯಾಕ್ರೋಲಿಮಸ್ ಪರೀಕ್ಷೆಗೆ ಬೆಳಗಿನ ಮಾತ್ರೆ ತಿನ್ನುವ ಮೊದಲು ರಕ್ತ ಕೊಡಬೇಕು. ಮಾತ್ರೆ ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ತಕ್ಷಣ ನುಂಗಿ. ಫಂಗಸ್ ಮಾತ್ರೆ ಶುರುವಾದಾಗ ಪರೀಕ್ಷೆ ಎಲ್ಲರಿಗೂ ನೆನಪಿರುತ್ತದೆ. ಅದು ಮುಗಿದಾಗ ಮರೆಯುತ್ತಾರೆ. ನಿಲ್ಲಿಸಿದ ಮೇಲೆ ಪ್ರಮಾಣ ಇಳಿಯುತ್ತದೆ, ಇಳಿಸಿದ್ದ ಡೋಸು ಹಾಗೇ ಉಳಿದರೆ ರಿಜೆಕ್ಷನ್ ಆಗಬಹುದು. ಕೊನೆಯ ಮಾತ್ರೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟು, ಅಂದೇ ಫೋನ್ ಮಾಡಿ ಮುಂದಿನ ಡೋಸು ಕೇಳಿ.

## ಹಂತ 9: ದಿನದ ರೂಢಿ

ಸ್ನಾನಕ್ಕೆ ಬೆಚ್ಚಗಿನ ನೀರು ಸಾಕು, ಮೈ ಸುಡುವ ಬಿಸಿ ಬೇಡ. ಒರಟು ನಾರು, ಕಲ್ಲು ಬಿಡಿ. ಸಂದುಗಳನ್ನು ಪೂರ್ತಿ ಒಣಗಿಸಿ. ಸ್ನಾನವಾದ ಕೂಡಲೇ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿದರೆ ಚರ್ಮ ಒಡೆಯುವುದಿಲ್ಲ. ಒಳಬಟ್ಟೆ, ಟವೆಲ್ ದಿನಾ ಬೇರೆ. ಬಿಸಿಲಲ್ಲಿ ಒಣಗಿಸಿ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಬಟ್ಟೆ ಒಣಗುವುದೇ ಇಲ್ಲ, ಆಗ ಇಸ್ತ್ರಿ ಹಾಕಿ. ಹಸಿ ಬಟ್ಟೆ ಮಾತ್ರ ಹಾಕಬೇಡಿ. ಕ್ಷೌರಕ್ಕೆ ನಿಮ್ಮದೇ ಟ್ರಿಮ್ಮರ್ ಇರಲಿ.

ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗಿನ ಬಿಸಿಲು ಆದಷ್ಟು ತಪ್ಪಿಸಿ. ತುಂಬು ತೋಳಿನ ಅಂಗಿ, ಅಗಲ ಅಂಚಿನ ಟೋಪಿ. ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನನ್ನು ಮುಖ ಕುತ್ತಿಗೆಗೆ ಎರಡು ಬೆರಳುದ್ದ ಹಾಕಿ, ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಅಝಾಥಯೋಪ್ರಿನ್ (ಇದೂ ಕಸಿ ಮಾತ್ರೆ) ಅಥವಾ ವೋರಿಕೋನಜೋಲ್ ತಿನ್ನುವವರಿಗೆ ಇದು ಇನ್ನೂ ಮುಖ್ಯ, ಅವು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಬಿಸಿಲು ತಪ್ಪಿಸುವವರು ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಿ.

ಲಸಿಕೆಯ ಬಗ್ಗೆ ಕೇಳಿ. ಚಿಕನ್‌ಪಾಕ್ಸ್, ಎಂಎಂಆರ್ (ದಡಾರ, ಮಂಗಬಾವು, ರುಬೆಲ್ಲಾ) ಥರದ ಜೀವಂತ ವೈರಸ್ ಇರುವ ಲಸಿಕೆ ಕಸಿ ಆದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್‌ನಲ್ಲಿ ಜೀವಂತ ವೈರಸ್ ಇಲ್ಲ, ಎರಡು ಡೋಸು. ಕಸಿಗೆ ಇನ್ನೂ ಕಾಯುತ್ತಿರುವವರು ಲಸಿಕೆಯ ಮಾತನ್ನು ಈಗಲೇ ಎತ್ತಿ. ಜೀವಂತ ಲಸಿಕೆ ಬೇಕಿದ್ದರೆ ಆಪರೇಷನ್‌ಗೆ ಕಮ್ಮಿಯೆಂದರೂ ನಾಲ್ಕು ವಾರ ಮೊದಲೇ ಮುಗಿದಿರಬೇಕು.

ತೋಟಕ್ಕೆ ಇಳಿಯುವವರು ಬೂಟು, ದಪ್ಪ ಗ್ಲೌಸು ಹಾಕಿ. ಬರಿಗಾಲು ಬೇಡವೇ ಬೇಡ. ಗೊಬ್ಬರ, ಕೊಳೆತ ಸೋಗೆ, ಕಟ್ಟಿಗೆ ಮುಟ್ಟುವ ಕೆಲಸ ಬೇರೆಯವರಿಗೆ ಕೊಡಿ. ನಮ್ಮ ಮನೆಯಲ್ಲಿ ಬೂಟು ಜಗಲಿಯ ಮೆಟ್ಟಿಲ ಮೇಲಿರುತ್ತದೆ. ಹಾಕುವ ಮೊದಲು ತಮ್ಮ ಅದನ್ನು ಮಗುಚಿ ಕೊಡವಿ, ಒಳಗೆ ಟಾರ್ಚು ಬಿಟ್ಟು ನೋಡುತ್ತಾನೆ. ಸಂಜೆ ಬಂದ ಮೇಲೆ ಕಾಲು ತೊಳೆದು, ಅದೇ ಮೆಟ್ಟಿಲ ಮೇಲೆ ಕೂತು ಬೆರಳ ಸಂದಿ ಒರೆಸಿಕೊಳ್ಳುತ್ತಾ ಒಂದೊಂದೇ ಬೆರಳು ಬಿಡಿಸಿ ನೋಡಿಕೊಳ್ಳುತ್ತಾನೆ. ಮುಳ್ಳು ಚುಚ್ಚಿದ್ದರೆ ಆ ದಿನದ ತಾರೀಕು, ಯಾವ ಕಾಲು, ಯಾವ ಜಾಗ ಅಂತ ನೋಟ್‌ಬುಕ್ಕಿಗೆ ಹೋಗುತ್ತದೆ.